ಬಂದೂಕಿಗೆ ಬೇಕಿದ್ದ ಭುಜ

ವರ್ಲನ್ ಸ್ಟ್ಯಾಗ್ ತೀರಿಕೊಂಡು ಎರಡು ವರ್ಷವಾಯಿತು. ಈಗಲೂ ಶನಿವಾರ ಬಂತೆಂದರೆ ಯಾರಾದರೊಬ್ಬರು ನನ್ನ ಅಂಗಡಿಗೆ ಬಂದು, ಕೌಂಟರಿನ ಪಕ್ಕದ ಖಾಲಿ ಸ್ಟೂಲನ್ನು ಒಮ್ಮೆ ನೋಡಿ, "ಕೈಗೆಟುಕೋ ಬೆಲೇಲಿ ಒಳ್ಳೇ ಆಟೋ ಬಂದೂಕು ಯಾವ್ದಿದೆ ಹಾಲಿಸ್?" ಎಂದು ಕೇಳುತ್ತಾರೆ. ಕೇಳುವುದು ನನ್ನನ್ನು, ನೋಡುವುದು ಸ್ಟೂಲನ್ನು. ಮೂವತ್ತೊಂದು ವರ್ಷದಿಂದ ಬಂದೂಕು ಮಾರುತ್ತಿರುವವನು ನಾನು. ಆದರೆ ಈ ಊರಿಗೆ ಬಂದೂಕು ಆರಿಸಿಕೊಟ್ಟವನು ವರ್ಲನ್.

ಕೆಲಸದಲ್ಲಿ ಅವನು ನೀರುಗಂಟಿ. ಆರ್ಕನ್ಸಾ ರಾಜ್ಯದ ನಮ್ಮ ಈ ಬಯಲಿನಲ್ಲಿ ನಾಲ್ಕು ಮನೆಯವರ ಭತ್ತದ ಗದ್ದೆಗಳಿಗೆ ನೀರು ಹಾಯಿಸುವುದು, ಬಾವಿಯ ಪಂಪು ಕೆಟ್ಟರೆ ಬಿಚ್ಚಿ ಸರಿಮಾಡುವುದು, ಕೊಯ್ಲು ಮುಗಿದ ಮೇಲೆ ಕಾಡುಬಾತುಗಳು ಇಳಿಯಲೆಂದು ಅದೇ ಗದ್ದೆಗಳಿಗೆ ಮತ್ತೆ ನೀರು ತುಂಬಿಸುವುದು. ನವೆಂಬರಿನಿಂದ ಜನವರಿಯವರೆಗೆ ಅರವತ್ತು ದಿನದ ಬೇಟೆ. ಅಷ್ಟಕ್ಕಾಗಿ ಈ ಮನುಷ್ಯ ಉಳಿದ ಮುನ್ನೂರು ದಿನ ಉಸಿರಾಡುತ್ತಾನೆ ಎಂದು ಅವನ ಹೆಂಡತಿ ನೆಲ್ಡಾ ಬಯ್ಯುತ್ತಿದ್ದಳು. ಬಯ್ದ ಬಾಯಲ್ಲೇ ಬಾತಿನ ಪುಕ್ಕ ಕಿತ್ತು, ಗಟ್ಟಿ ಸಾರು ಮಾಡಿ, ಅನ್ನದ ಜೊತೆ ನನಗೂ ಒಂದು ಡಬ್ಬಿ ಕಳಿಸುತ್ತಿದ್ದಳು.

ಶನಿವಾರ ಅವನು ಬಂದು ಆ ಸ್ಟೂಲಿನ ಮೇಲೆ ಕೂತನೆಂದರೆ ನನ್ನ ಮಾತಿಗೆ ಮೂರು ಕಾಸಿನ ಬೆಲೆ ಇರುತ್ತಿರಲಿಲ್ಲ. ಗಿರಾಕಿಗೆ ಕಣ್ಣು ಮುಚ್ಚಿ ಬಂದೂಕು ಎತ್ತಲು ಹೇಳುತ್ತಿದ್ದ. ಕಣ್ಣು ತೆರೆದಾಗ ನಳಿಗೆ ನೇರ ಕಣ್ಣಿನ ಮುಂದಿರಬೇಕು, ಇಲ್ಲದಿದ್ದರೆ ಆ ಬಂದೂಕು ಅವನದಲ್ಲ. ಆಮೇಲೆ ಬಂದೂಕನ್ನು ಬಿಚ್ಚಿಸುತ್ತಿದ್ದ. "ಕೆಸರಲ್ಲಿ ಕೂತು, ಬೆರಳು ಮರಗಟ್ಟಿದ್ದಾಗ ಬಿಚ್ಚೋಕಾಗತ್ತಾ ನೋಡು. ಆಗಲ್ವಾ? ಹಾಗಾದ್ರೆ ಗೋಡೆಗೆ ತೂಗುಹಾಕೋಕೆ ತಗೊ." ದುಬಾರಿ ಇಟಲಿ ಬಂದೂಕಿಗೆ ಕೈಚಾಚಿದವರನ್ನು ಎಷ್ಟು ಸಲ ಅಗ್ಗದ ಟರ್ಕಿ ಬಂದೂಕಿನ ಕಡೆಗೆ ತಿರುಗಿಸಿ ನನ್ನ ಹೊಟ್ಟೆಯ ಮೇಲೆ ಹೊಡೆದಿದ್ದಾನೋ ಲೆಕ್ಕವಿಲ್ಲ.

ಅವನ ಸ್ವಂತದ್ದು ಮಾತ್ರ ಅಪ್ಪನ ಕಾಲದ ಪಂಪ್ ಬಂದೂಕು. ಪ್ರತಿ ಗುಂಡಿಗೂ ಎಡಗೈಯಿಂದ ಹಿಂದಕ್ಕೆಳೆದು ಮುಂದಕ್ಕೆ ತಳ್ಳಬೇಕು. ಆಟೋ ಆದರೆ ಆ ಕೆಲಸವನ್ನು ಬಂದೂಕೇ ಮಾಡಿಕೊಳ್ಳುತ್ತದೆ. "ಹೊಲದಲ್ಲೂ ಪಂಪು, ಕೈಯಲ್ಲೂ ಪಂಪು, ಒಂದು ದಿನನಾದ್ರೂ ಸುಖಪಡೋ" ಎಂದು ನಾನು ಕೆಣಕಿದರೆ, "ಆಟೋ ಎಲ್ಲ ಸೋಮಾರಿಗಳಿಗೆ ಕಣೋ, ನಿನ್ನಂಥೋರಿಗೆ" ಎನ್ನುತ್ತಿದ್ದ.

ಅಂಥವನು ಅರವತ್ತಾರನೆಯ ವಯಸ್ಸಿನಲ್ಲಿ, ಆಗಸ್ಟಿನ ಒಂದು ಮಧ್ಯಾಹ್ನ, ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಬಂದ.

"ಒಂದು ಆಟೋ ತೋರ್ಸು."

"ಯಾರಿಗೆ?"

"ನಂಗೆ. ಹಲ್ಲು ಕಿಸೀಬೇಡ. ಆ ಹಳೇದು ಯಾಕೋ ಬಿಗಿಯಾಗಿದೆ, ಎಳೆಯೋಕೆ ಬರ್ತಿಲ್ಲ."

ಅವನ ಹಳೆಯ ಬಂದೂಕು ಬಿಗಿಯಾಗುವುದು ಸುಳ್ಳು. ತಿಂಗಳಿಗೊಮ್ಮೆ ಎಣ್ಣೆ ಕಾಣುತ್ತಿತ್ತು ಅದು. ನಾನು ನಕ್ಕೆ, ವಯಸ್ಸಾಯಿತು ಅಂದುಕೊಂಡೆ.

ಆರಿಸಲು ಎರಡು ತಿಂಗಳು ತೆಗೆದುಕೊಂಡ. ಕೊನೆಗೆ ಉಳಿದದ್ದು ಎರಡು, ಎರಡೂ ಟರ್ಕಿಯವು, ಎರಡೂ ಅವನ ಕೈಗೆಟುಕುವಂಥವು. ಒಂದು, ಸಿಡಿದ ಮದ್ದಿನ ಹೊಗೆಯ ಒತ್ತಡದಿಂದ ಮುಂದಿನ ತೋಟಾವನ್ನು ತಾನೇ ಮೇಲಕ್ಕೆ ತಂದುಕೊಳ್ಳುವಂಥದ್ದು. ಭುಜಕ್ಕೆ ಬೀಳುವ ಒದೆತ ಮೆತ್ತಗೆ, ಆದರೆ ಒಳಗೆ ಮಸಿ ಕಟ್ಟುತ್ತದೆ, ಒರೆಸುತ್ತಲೇ ಇರಬೇಕು. ಇನ್ನೊಂದು, ಒದೆತದ ಬಲದಿಂದಲೇ ನಡೆಯುವಂಥದ್ದು. ಮಸಿ ಇಲ್ಲ, ಬಿಡಿಭಾಗ ಕಡಿಮೆ, ಕೆಸರಿಗೆ ಜಗ್ಗುವುದಿಲ್ಲ. ಅದು ಕೇಳುವುದು ಒಂದೇ, ಹಿಂದೆ ಗಟ್ಟಿಯಾಗಿ ನಿಲ್ಲುವ ಭುಜ. ಭುಜ ಸಡಿಲವಾಗಿ ಹಿಂದಕ್ಕೆ ಹೋದರೆ ಒದೆತವೆಲ್ಲ ಅಲ್ಲೇ ಇಂಗಿ, ಖಾಲಿ ತೋಟಾ ಹೊರಹಾಕುವ ಬೋಲ್ಟು ಅರ್ಧಕ್ಕೆ ನಿಂತುಬಿಡುತ್ತದೆ. ಇದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಅವನು ಕಣ್ಣು ಮುಚ್ಚಿ ಎರಡನೆಯದನ್ನು ಎತ್ತಿದ. ನಳಿಗೆಯ ತುದಿ ನಡುಗುತ್ತಿತ್ತು. ಅಂಗಿಯೊಳಗೆ ಬಲಭುಜದ ಮಾಂಸವೇ ಇಲ್ಲವೆನ್ನುವಂತೆ ಬಟ್ಟೆ ಜೋತುಬಿದ್ದಿತ್ತು.

"ಮೊದಲ್ನೇದು ತಗೊ ವರ್ಲನ್, ಮೈಗೆ ಹಿತ" ಎಂದೆ.

"ನಾನೇನು ಬಾಣಂತಿನಾ? ಇದನ್ನ ಕಟ್ಟು."

ನಾನು ಕಟ್ಟಿಕೊಟ್ಟೆ. ನಲವತ್ತು ವರ್ಷ ಒಂದೇ ಬೇಟೆಗುಂಡಿಯಲ್ಲಿ ಅಡಗಿ ಕೂತು ಬಾತು ಕಾದ ಗೆಳೆಯ, ನಿನ್ನ ಭುಜ ಸೋತಿದೆ ಎಂದು ಅವನ ಮುಖಕ್ಕೆ ಹೇಳಲು ನನಗೆ ಬಾಯಿ ಬರಲಿಲ್ಲ. ಹೇಳಬೇಕಿತ್ತು. ಇದನ್ನು ನಾನು ಯಾರ ಮುಂದೆ ಬೇಕಾದರೂ ಒಪ್ಪಿಕೊಳ್ಳುತ್ತೇನೆ.

ಬೇಟೆಯ ಮೊದಲ ದಿನ ಬೆಳಕು ಹರಿಯುತ್ತಲೇ ಗದ್ದೆಯ ಬದುವಿನ ಗುಂಡಿಯಲ್ಲಿ ನಾವಿಬ್ಬರೂ ಕೂತಿದ್ದೆವು. ಹಸಿರುತಲೆಯ ಬಾತುಗಳ ದೊಡ್ಡ ಹಿಂಡೊಂದು ರೆಕ್ಕೆ ಬಿಗಿಹಿಡಿದು ಇಳಿಯಿತು. ವರ್ಲನ್ ಎದ್ದು ಒಂದು ಗುಂಡು ಹೊಡೆದ, ಎರಡನೆಯದು ಬರಲೇ ಇಲ್ಲ. ಖಾಲಿ ತೋಟಾ ಹೊರಬೀಳುವ ಕಿಂಡಿಯಲ್ಲೇ ಸಿಕ್ಕಿಕೊಂಡಿತ್ತು. ಬೆಳಗಿಡೀ ಅದೇ ಕತೆ.

"ಯಾವನೋ ಕುಡುಕ ಜೋಡ್ಸಿದಾನೆ ಇದನ್ನ" ಎಂದು ಬಂದೂಕನ್ನು ನನ್ನ ತೊಡೆಯ ಮೇಲೆ ಹಾಕಿದ.

ಅಂಗಡಿಯ ಹಿಂದಿನ ಏರಿಯ ಮೇಲೆ ನಿಂತು ನಾನು ಇಪ್ಪತ್ತೈದು ತೋಟಾ ಹೊಡೆದೆ. ಒಂದೂ ತಡೆಯಲಿಲ್ಲ. ಸಂಜೆ ಅವನಿಗೆ, "ಸ್ಪ್ರಿಂಗು ದುರ್ಬಲ ಇತ್ತು, ಬದಲಾಯಿಸಿದೀನಿ" ಎಂದೆ. ವಾರ ಬಿಟ್ಟು ಮತ್ತೆ ತಂದ. ಮತ್ತೆ ಅದೇ ಸುಳ್ಳು ಹೇಳಿದೆ.

ಡಿಸೆಂಬರ್ ಮೊದಲ ವಾರ ನೆಲ್ಡಾ ಬಂದಳು. ಕೋಟು ಬಿಚ್ಚದೆ ಕೌಂಟರಿಗೆ ಎರಡೂ ಕೈ ಊರಿ ನಿಂತಳು.

"ಬಂದೂಕು ಕೆಟ್ಟಿದ್ಯಾ ಹಾಲಿಸ್?"

ನಾನು ರಶೀದಿ ಪುಸ್ತಕ ನೋಡತೊಡಗಿದೆ.

"ಮುಖ ನೋಡಿ ಹೇಳು. ಅವನ ಅಂಗಿ ಗುಂಡಿ ಈಗ ನಾನೇ ಹಾಕೋದು. ಕಾಫಿ ಲೋಟ ಎರಡು ಕೈಲೂ ಹಿಡ್ಕೋತಾನೆ, ಆದ್ರೂ ಚೆಲ್ಲತ್ತೆ. ಡಾಕ್ಟ್ರ ಹತ್ರ ಹೋಗೋಣ ಬಾ ಅಂದ್ರೆ, ಬಂದೂಕು ಕೆಟ್ಟಿದ್ರೆ ನಂಗ್ಯಾಕೆ ಡಾಕ್ಟ್ರು ಅಂತಾನೆ. ಲಿಟಲ್ ರಾಕ್‌ನ ದೊಡ್ಡಾಸ್ಪತ್ರೇಲಿ ಎರಡು ಸಲ ದಿನ ಗೊತ್ತು ಮಾಡ್ಸಿ ಎರಡು ಸಲವೂ ರದ್ದು ಮಾಡ್ಸಿದೀನಿ. ನೀನಿಲ್ಲಿ ಸ್ಪ್ರಿಂಗ್ ಬದಲಾಯಿಸ್ತಾ ಕೂತಿದೀಯ."

"ಅವನಿಗೆ ಬೇಜಾರಾಗತ್ತೆ ಅಂತ..."

"ಬೇಜಾರು ನಂಗಾಗಿದೆ. ನನ್ನ ಮಾತು ಅವನು ಕೇಳಲ್ಲ, ಪಾದ್ರಿ ಮಾತು ಕೇಳಲ್ಲ. ಬಂದೂಕಿನ ವಿಷಯದಲ್ಲಿ ಮಾತ್ರ ಅವನು ತನಗೆ ತಾನು ಸುಳ್ಳು ಹೇಳ್ಕೊಳ್ಳಲ್ಲ. ಹೇಳು ಹಾಲಿಸ್. ಹೇಳ್ದೆ ಇದ್ರೆ ನಿನ್ನ ಮುಖ ನೋಡಲ್ಲ ನಾನು."

ಮುಂದಿನ ಶನಿವಾರ ಅವನನ್ನು ಕರೆಸಿದೆ. ನೆಲ್ಡಾ ಕೂಡ ಬಂದಳು, ಆದರೆ ಟ್ರಕ್ಕಿನಿಂದ ಇಳಿಯಲಿಲ್ಲ. ನಾವಿಬ್ಬರೂ ಏರಿ ಹತ್ತಿದೆವು. ಮೊದಲು ಅವನು ಹೊಡೆದ. ಒಂದೇ ಗುಂಡಿಗೆ ಬೋಲ್ಟು ಅರ್ಧಕ್ಕೆ ನಿಂತಿತು. "ನೋಡು, ಕಣ್ಣಾರೆ ನೋಡು" ಎಂದು ನನ್ನ ಕೈಗೆ ಕೊಟ್ಟ. ನಾನು ಅದನ್ನು ತೆರವು ಮಾಡಿ ಮೂರು ಹೊಡೆದೆ. ಮೂರು ಖಾಲಿ ತೋಟಾಗಳೂ ಹಾರಿ ಹುಲ್ಲಿನ ಮೇಲೆ ಬಿದ್ದವು. ವರ್ಲನ್ ಅವುಗಳನ್ನು ಬಹಳ ಹೊತ್ತು ನೋಡಿದ.

"ಸ್ಪ್ರಿಂಗ್ ಬದಲಾಯಿಸ್ದೆ ಅಂದ್ಯಲ್ಲ."

"ಇಲ್ಲ."

"ಎರಡು ಸಲವೂ?"

"ಎರಡು ಸಲವೂ ಇಲ್ಲ ಕಣೋ."

ಅವನು ರೇಗುತ್ತಾನೆಂದು ಕಾದೆ. ರೇಗಲಿಲ್ಲ. "ನನ್ನ ಹಿಂದೆ ನಿಂತ್ಕೋ. ಎದೆ ನನ್ನ ಭುಜಕ್ಕೆ ಒತ್ತು, ಬಿಗಿಯಾಗಿ" ಎಂದ. ನಾನು ಹಾಗೇ ನಿಂತೆ. ಎಲುಬು ಚುಚ್ಚಿತು. ಇಷ್ಟು ಹಗುರವಾಗಿದ್ದಾನೆಂದು ನನಗೆ ಗೊತ್ತಿರಲಿಲ್ಲ. ಅವನು ಮೂರು ಗುಂಡು ಹೊಡೆದ, ಮೂರಕ್ಕೂ ಬಂದೂಕು ಗಡಿಯಾರದ ಹಾಗೆ ನಡೆಯಿತು.

"ಈಗ ಪಕ್ಕಕ್ಕೆ ಸರಿ."

ನಾನು ಸರಿಯಲಿಲ್ಲ.

"ಸರಿಯೋ, ಹಾಲಿಸ್."

ಸರಿದೆ. ಅವನು ಒಬ್ಬನೇ ತೋಟಾ ತುಂಬತೊಡಗಿದ. ಬೆರಳಿಗೆ ಅದನ್ನು ಒಳಗೆ ನೂಕುವಷ್ಟೂ ಶಕ್ತಿ ಇರಲಿಲ್ಲ, ಮೊಣಕಾಲಿಗೆ ಒತ್ತಿಕೊಂಡು ನೂಕಿದ. ನಾನು ಗದ್ದೆಯ ಕಡೆ ನೋಡುತ್ತಾ ನಿಂತೆ. ನನ್ನ ಕಣ್ಣು ತುಂಬಿದ್ದು ಅವನಿಗೆ ಕಾಣಬಾರದಿತ್ತು. ಗುಂಡು ಹಾರಿತು. ತಿರುಗಿ ನೋಡಿದರೆ ಖಾಲಿ ತೋಟಾ ಮತ್ತೆ ಕಿಂಡಿಯಲ್ಲಿ ಸಿಕ್ಕಿಕೊಂಡಿತ್ತು.

ವರ್ಲನ್ ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಬಂದೂಕನ್ನು ತೋಳಿನಿಂದ ಒರೆಸಿ ನನಗೆ ಕೊಟ್ಟ.

"ಇದ್ರಲ್ಲಿ ಏನೂ ದೋಷ ಇಲ್ಲ. ಈ ಬೆಲೆಗೆ ಇದಕ್ಕಿಂತ ಒಳ್ಳೇದು ಸಿಗಲ್ಲ. ಯಾರಾದ್ರೂ ಕೇಳಿದ್ರೆ ಧೈರ್ಯವಾಗಿ ಕೊಡು."

ಅವನು ನಿಧಾನವಾಗಿ ಏರಿ ಇಳಿದು ಟ್ರಕ್ಕಿನ ಹತ್ತಿರ ಹೋದ. ಮದುವೆಯಾದ ನಲವತ್ತೆರಡು ವರ್ಷದಲ್ಲಿ ಅವನಿದ್ದಾಗ ನೆಲ್ಡಾ ಒಂದು ಸಲವೂ ಸ್ಟಿಯರಿಂಗ್ ಹಿಡಿದದ್ದನ್ನು ನಾನು ಕಂಡಿರಲಿಲ್ಲ. ಅವನು ಸ್ಟಿಯರಿಂಗ್ ಕಡೆಗೆ ಹೋಗದೆ, ನೇರವಾಗಿ ಅವಳು ಕೂತಿದ್ದ ಕಡೆಯ ಬಾಗಿಲು ತೆರೆದು ನಿಂತ.

"ಸ್ವಲ್ಪ ಆ ಕಡೆ ಸರಿ, ನೆಲ್ಡಾ" ಎಂದ. "ಇನ್ಮೇಲೆ ನೀನೇ ಓಡ್ಸು."