ಸಹಿಯಿಲ್ಲದ ವಹಿ

ಗೆಳೆಯರೇ, ಇವತ್ತು ಮಹಾರಾಷ್ಟ್ರದ ಅಕ್ಕಲಕೋಟದ ಕಾಲೇಜಿನಲ್ಲಿ ನನ್ನ ಮಗಳ ಒಂದು ವರ್ಷವನ್ನು ಕೈಯಾರೆ ಕಳೆದು ಬಂದೆ.

ಗಣಿತ ಓದಿ ಹನ್ನೆರಡನೇ ಪಾಸಾದ ಮೇಲೆ ಅವಳಿಗೆ ಡಾಕ್ಟರಾಗುವ ಆಸೆ ಹುಟ್ಟಿತು. ಅದಕ್ಕೆ ಬೇಕಾದ ಜೀವಶಾಸ್ತ್ರ ಒಂದನ್ನೇ ಈ ವರ್ಷ ಓದುತ್ತಿದ್ದಾಳೆ. ಜ್ವರ ಬಂದು ಮಲಗಿದ್ದಳೆಂದು ಪ್ರಾಕ್ಟಿಕಲ್ ವಹಿಯ ಕೊನೆಯ ಚಿತ್ರ, ಹೃದಯ, ನಾನು ಬರೆದುಕೊಟ್ಟೆ. ಭಾಗಗಳ ಹೆಸರನ್ನೂ ಇಂಗ್ಲಿಷಿನ ಬದಲು ನಮ್ಮ ಸಾಲೆಯಲ್ಲಿ ಕಲಿತಂತೆ ಕನ್ನಡದಲ್ಲೇ ಬರೆದುಬಿಟ್ಟೆ, ಅದೂ ಶಾಯಿಯಲ್ಲಿ.

ಇವತ್ತು ಅವಳನ್ನೂ ಕರೆದುಕೊಂಡು ವಹಿಗೆ ಸಹಿ ಹಾಕಿಸಲು ಹೋದೆ. ಜೀವಶಾಸ್ತ್ರದ ಸರ್ ಪುಟ ತಿರುವಿ, "ಹೇ ಕಾಯ್? ಏನಿದು? ಇದು ಯಾರ ಅಕ್ಷರ?" ಎಂದರು.

"ನಂದರಿ ಸರ್. ಆಕಿಗಿ ಜ್ವರ ಬಂದಿತ್ತರಿ."

"ಹಂಗಾರ ಪರೀಕ್ಷಾನೂ ನೀವೇ ಬರೀರಿ."

ವಹಿ ಮುಚ್ಚಿಟ್ಟರು. ಸಹಿಗೆ ಇವತ್ತೇ ಕಡೆಯ ದಿನ. ಸಹಿಯಿಲ್ಲದ ವಹಿಗೆ ಪರೀಕ್ಷೆಯಿಲ್ಲ. ಎಷ್ಟು ಕೈಮುಗಿದರೂ ಅವರು ಕರಗಲಿಲ್ಲ, ನನ್ನ ಶಾಯಿಯೂ ಕರಗಲಿಲ್ಲ.

ಸೋಲಾಪುರದ ಬಸ್ಸಿನಲ್ಲಿ, ಕನ್ನಡ ಓದಲು ಬಾರದ ಮಗಳು ಆ ಹೃದಯದ ಮೇಲೆ ಬೆರಳಿಟ್ಟು ಕೇಳಿದಳು: "ಅಪ್ಪಾ, ಇಲ್ಲಿ ಏನ್ ಬರದಿ?"

"ಹೃತ್ಕರ್ಣ."

"ಛಲೋ ಅದ," ಎಂದು ಕಿಟಕಿಯ ಕಡೆ ತಿರುಗಿದಳು.

ಅಂತೂ ಮಗಳಿಗೆ ಒಂದು ಕನ್ನಡ ಪದ ಕಲಿಸಿದೆ. ಶುಲ್ಕ, ಅವಳದೊಂದು ವರ್ಷ.