ಯಲ್ಲಾಪುರದಲ್ಲಿ ಬೋಳಿಸಿದ ಗಡ್ಡ

ಮಡಿವಾಳಪ್ಪ ಹಡಪದ ಮಂಗಳವಾರ ಕತ್ತರಿ ಮುಟ್ಟುವುದಿಲ್ಲ. ಶಿರಸಿಯ ಹಳೆ ಬಸ್ ನಿಲ್ದಾಣದ ಎದುರಿಗಿರುವ ಅವನ ಎರಡು ಕುರ್ಚಿಯ ಅಂಗಡಿಗೆ ಅಂದು ಬೀಗ. ಊರಿನ ಎಲ್ಲ ಕ್ಷೌರದಂಗಡಿಗಳಿಗೂ ಅಂದೇ ರಜೆ. ಅಂಗಡಿ ಹಾಕಿದ ಇಪ್ಪತ್ತೊಂಬತ್ತು ವರ್ಷಗಳಲ್ಲಿ ಈ ಮಾತು ಒಮ್ಮೆಯೂ ತಪ್ಪಿರಲಿಲ್ಲ.

ಜನವರಿಯ ಆ ಮಂಗಳವಾರ ಹನ್ನೊಂದು ಗಂಟೆಗೆ ಅವನು ಮನೆಯ ಜಗಲಿಯಲ್ಲಿ ಹೆಂಡತಿ ದಾಕ್ಷಾಯಿಣಿಯ ಜೊತೆ ಅವರೆಕಾಯಿ ಸುಲಿಯುತ್ತ ಕೂತಿದ್ದ. ಕಾಲೇಜಿನ ಇಬ್ಬರು ಒಂದೇ ಬೈಕಿನಲ್ಲಿ ಬಂದಿಳಿದರು. ಕಾನಸೂರಿನ ಅನುಶ್ರೀ ಮತ್ತು ಅವಳ ತರಗತಿಯ ಸುಜಯ.

“ಮಡಿವಾಳಪ್ಪಣ್ಣ, ಹುಬ್ಬಳ್ಳಿಯಿಂದ ಫೋನ್ ಬಂತು. ಪರಮೇಶ್ವರಪ್ಪಜ್ಜಂಗೆ ನಾಳೆನೇ ಕಣ್ಣಿನ ಆಪರೇಶನ್ನು. ಬೆಳಗ್ಗೆ ಆರಕ್ಕೆ ವ್ಯಾನು. ಸ್ನಾನ ಆಗಿರ್ಬೇಕು, ಗಡ್ಡ ಬೋಳಿಸಿರ್ಬೇಕಂತೆ,” ಎಂದಳು ಅನುಶ್ರೀ.

ದಾಕ್ಷಾಯಿಣಿ ತಲೆ ಎತ್ತಲಿಲ್ಲ. “ಇವತ್ತು ಮಂಗಳವಾರ ಐತವ್ವ. ನಿಮ್ಮ ಕಾಲೇಜಿನಾಗ ವಾರದ ಹೆಸರು ಕಲಿಸಂಗಿಲ್ಲೇನು?”

ಮಡಿವಾಳಪ್ಪ ಸುಲಿದ ಕಾಳನ್ನು ಬುಟ್ಟಿಗೆ ಹಾಕಿದ. ಸಿಪ್ಪೆಯನ್ನೂ ಅದೇ ಬುಟ್ಟಿಗೆ ಹಾಕಿದ. ದಾಕ್ಷಾಯಿಣಿ ಅದನ್ನು ಆರಿಸಿ ಹೊರಗೆಸೆದಳು.

ಈ ಹುಡುಗರ ಸಹವಾಸ ಶುರುವಾಗಿ ನಾಲ್ಕು ವರ್ಷವಾಗಿತ್ತು. ಬಸ್ ನಿಲ್ದಾಣದಲ್ಲೇ ಮಲಗಿ ಏಳುವವರನ್ನು ಶುಚಿ ಮಾಡಬೇಕೆಂದು ಕಾಲೇಜಿನವರ ಗುಂಪೊಂದು ಬಿಸಾಡುವ ರೇಜರ್‌ಗಳ ಪೆಟ್ಟಿಗೆ ಹಿಡಿದು ಬಂದಿತ್ತು. ಹುಡುಗನೊಬ್ಬ ಮುದುಕನೊಬ್ಬನ ಗದ್ದವನ್ನು ಎರಡು ಕಡೆ ಕೊಯ್ದದ್ದನ್ನು ಮಡಿವಾಳಪ್ಪ ಅಂಗಡಿಯ ಬಾಗಿಲಿನಿಂದಲೇ ನೋಡಿದ. ಕುರ್ಚಿಯಲ್ಲಿದ್ದ ಗಿರಾಕಿಯನ್ನು ಅರ್ಧ ನೊರೆಯಲ್ಲೇ ಬಿಟ್ಟು ರಸ್ತೆ ದಾಟಿದ. “ಕೊಡ್ರಿ ಇಲ್ಲಿ. ಅದು ಮುಖ, ಹಲಸಿನಕಾಯಿ ಅಲ್ಲ,” ಎಂದು ರೇಜರ್ ಕಸಿದುಕೊಂಡ. ಅಂದಿನಿಂದ ತಿಂಗಳಿಗೊಂದು ಗುರುವಾರ, ಗಿರಾಕಿಗಳಿಲ್ಲದ ಮಧ್ಯಾಹ್ನ ಎರಡರಿಂದ ನಾಲ್ಕು, ನಿಲ್ದಾಣದ ಹಿಂದಿನ ಕಟ್ಟೆಯ ಮೇಲೆ ಅವನ ಅಂಗಡಿ. ನೀರು ತುಂಬುವುದು, ಕೂದಲು ಗುಡಿಸುವುದು, ಕೂತವರ ವಿವರ ಪುಸ್ತಕದಲ್ಲಿ ಬರೆಯುವುದು ವಿದ್ಯಾರ್ಥಿಗಳ ಪಾಲು. ಹಳೆಯ ಹುಡುಗರು ಪಾಸಾಗಿ ಹೋದರು, ಹೊಸಬರು ಬಂದರು. ಕಟ್ಟೆ ಬದಲಾಗಲಿಲ್ಲ.

ಪರಮೇಶ್ವರಪ್ಪ ಮೊದಲ ಗುರುವಾರದಿಂದಲೂ ಇದ್ದವನು. ಅರವತ್ತೈದರ ಆಸುಪಾಸು. ಮಾತಿನ ಧಾಟಿಯಿಂದ ಬನವಾಸಿಯ ಮೂಡಲಿನವನೆಂದು ಮಡಿವಾಳಪ್ಪನಿಗೆ ಮೊದಲ ದಿನವೇ ತಿಳಿದಿತ್ತು. ತನ್ನದೂ ಅದೇ ಕಡೆ. ಆದರೆ ಕೇಳಿರಲಿಲ್ಲ. ಈ ವರ್ಷದ ಪುಸ್ತಕದಲ್ಲಿ ಪರಮೇಶ್ವರಪ್ಪನ ಹೆಸರಿನ ಮುಂದೆ ‘ಸಂಬಂಧಿಕರು: ಯಾರೂ ಇಲ್ಲ’ ಎಂದಿತ್ತು. ಬಲಗಣ್ಣು ಹೋಗಿ ಹಲವು ವರ್ಷ, ಎಡಗಣ್ಣಿಗೂ ಆಗಿನಿಂದ ಮಬ್ಬು ಬೆಳಕಷ್ಟೇ. ಎಡಗಣ್ಣಿನ ಪೊರೆ ಬಲಿತುಬಿಟ್ಟಿದೆ, ತಡ ಮಾಡಿದರೆ ಅದೂ ಉಳಿಯುವುದಿಲ್ಲ ಎಂದು ಸೋಮವಾರ ತಪಾಸಣೆ ಮಾಡಿದ ಡಾಕ್ಟರು ಹೇಳಿದ್ದರು. ನಾಳೆ ತಪ್ಪಿದರೆ ಮುಂದಿನ ಪಟ್ಟಿ ಎರಡು ತಿಂಗಳ ಮೇಲೆ. ಹಿಂದಿನ ವಾರವಷ್ಟೇ ಹಿಮ್ಮುಖವಾಗಿ ಬರುತ್ತಿದ್ದ ಬಸ್ಸಿನ ಚಕ್ರದಿಂದ ಕಂಡಕ್ಟರ್ ಒಬ್ಬ ಅವನನ್ನು ತೋಳು ಹಿಡಿದು ಎಳೆದಿದ್ದ.

ಮಡಿವಾಳಪ್ಪ ಎದ್ದು ಗೂಟದಿಂದ ಅಂಗಿ ತೆಗೆದ. ಕ್ಷೌರದ ಪೆಟ್ಟಿಗೆ ಎಲ್ಲಿದೆ ಎಂದು ಅವನು ಹುಡುಕುತ್ತಿದ್ದಾಗ ದಾಕ್ಷಾಯಿಣಿ ಗದ್ದದಿಂದ ಮಂಚದ ಕೆಳಗೆ ತೋರಿಸಿದಳು.

ಕಟ್ಟೆಯ ಮೇಲೆ ಪರಮೇಶ್ವರಪ್ಪ ಮಿಂದು ಒದ್ದೆ ತಲೆಯಲ್ಲಿ ಕೂತಿದ್ದ. ಮಡಿವಾಳಪ್ಪ ಬ್ರಶ್ ಅದ್ದಿ ನೊರೆ ಎಬ್ಬಿಸಿದ. ಸದ್ದು ಕೇಳಿ ಮುದುಕ ಎರಡೂ ಅಂಗೈಗಳಿಂದ ಗಡ್ಡ ಮುಚ್ಚಿಕೊಂಡ.

“ಇವತ್ತು ಬ್ಯಾಡ.”

“ಯಾಕ್ರಿ ಯಜಮಾನ್ರ? ನಾನೇ ಮಂಗಳವಾರ ಬಿಟ್ಟು ಬಂದೀನಿ.”

“ನೀ ಬಿಟ್ಟರ ನಿನ್ನ ಖುಷಿ. ನಾ ಬಿಡಂಗಿಲ್ಲ.”

“ಅಜ್ಜ, ಇದೆಲ್ಲ ಮೂಢನಂಬಿಕೆ,” ಎಂದು ಸುಜಯ ಶುರು ಮಾಡಿದ. “ಮಂಗಳವಾರ ಬೋಳಿಸಿದ್ರೆ ನಿಂಗೆ ಎಂತ ಆಗ್ತದೆ? ಎಂತದೂ ಆಗೂದಿಲ್ಲ.”

“ನನಗ ಆಗೂದು ಏನು ಉಳದೈತಿ ತಮ್ಮಾ? ಮಂಗಳವಾರ ಕತ್ತಿ ತಾಗಿಸಿದರ ಒಡಹುಟ್ಟಿದವರಿಗೆ ಆಗಂಗಿಲ್ಲ ಅಂತ ನಮ್ಮವ್ವ ಹೇಳತಿದ್ಲು. ಊರಾಗ ತಮ್ಮ ಅದಾನ.”

ಅನುಶ್ರೀ ಪುಸ್ತಕ ನೋಡಿದಳು. ಅಲ್ಲಿ ಬರೆದಿದ್ದ ‘ಯಾರೂ ಇಲ್ಲ’ ಅವಳದೇ ಅಕ್ಷರ.

“ಹಂಗಾರೆ ನಾಳೆ ಬೆಳಗ್ಗೆ ಐದಕ್ಕೇ ಬಂದ್ರೆ?” ಎಂದಳು.

“ಹೊತ್ತು ಹುಟ್ಟೂತನ ಮಂಗಳವಾರನ ಅದು.”

ವ್ಯಾನು ಆರಕ್ಕೆ. ಜನವರಿಯಲ್ಲಿ ಸೂರ್ಯ ಹುಟ್ಟಲು ಏಳಾಗಬೇಕು. ಅದರಲ್ಲೇ ಹೋಗುವ ಉಳಿದ ಐವರು ರೋಗಿಗಳ ಆಪರೇಶನ್ ಸಮಯವೂ ನಿಗದಿಯಾಗಿದ್ದರಿಂದ ವ್ಯಾನು ತಡೆಯುವಂತಿರಲಿಲ್ಲ.

ಸುಜಯ ಮಡಿವಾಳಪ್ಪನನ್ನು ಪಕ್ಕಕ್ಕೆ ಕರೆದ. “ಐದೂವರೆಗೆ ಟ್ಯೂಬ್‌ಲೈಟಿನ ಬುಡದಲ್ಲಿ ಕೂರ್ಸಿ, ಸೂರ್ಯ ಬಂದ ಅಂದ್ರಾತು. ಅಜ್ಜಂಗೆ ಅದು ಯಾವ ಬೆಳಕು ಅಂತ ಎಂತ ಗೊತ್ತಾಗ್ತದೆ?”

ಹೊಳೆಯದ ಉಪಾಯವೇನೂ ಅಲ್ಲ; ಮಡಿವಾಳಪ್ಪನಿಗೂ ಅದೇ ಹೊಳೆದಿತ್ತು. ಅವನು ಬ್ರಶ್ಶಿನ ನೊರೆಯನ್ನು ಕಟ್ಟೆಯ ಅಂಚಿಗೆ ಕೊಡವಿದ.

“ಆಪರೇಶನ್ ಆದಮ್ಯಾಲ ಅಂವ ಮೊದಲು ನೋಡೂದು ಯಾರ ಮುಖ? ತಿಂಗಳಿಗೊಮ್ಮೆ ಎದುರಿಗೆ ಕುಂದ್ರಾಂವ ನಾನು. ಆ ಹೊತ್ತಿಗೆ ನನ್ನ ಮುಖ ಎಲ್ಲಿ ಇಡಲಿ?” ಬ್ರಶ್ಶನ್ನು ಪೆಟ್ಟಿಗೆಗೆ ಹಾಕಿ ಕೇಳಿದ: “ವ್ಯಾನು ಯಾವ ದಾರಿ?”

“ಯಲ್ಲಾಪುರದ ಮೇಲೆ. ಅಲ್ಲಿ ಇಬ್ರು ಹತ್ತೂದಿದೆ.”

“ಎಷ್ಟೊತ್ತಿಗೆ?”

“ಏಳೂಕಾಲು.”

ಮಡಿವಾಳಪ್ಪ ಪೆಟ್ಟಿಗೆ ಮುಚ್ಚಿದ.

ಬುಧವಾರ ಆರಕ್ಕೆ ಹತ್ತು ನಿಮಿಷ ಮೊದಲೇ ಅವನು ವ್ಯಾನಿನ ಹಿಂದಿನ ಸೀಟಿನಲ್ಲಿದ್ದ. ತೊಡೆಯ ಮೇಲೆ ಕ್ಷೌರದ ಪೆಟ್ಟಿಗೆ, ಕಾಲ ಬುಡದಲ್ಲಿ ದಾಕ್ಷಾಯಿಣಿ ಕೊಟ್ಟ ಬಿಸಿನೀರಿನ ಥರ್ಮಾಸು. ರಜೆಯ ಮರುದಿನ ಅಂಗಡಿ ಮುಂದೆ ಸಾಲಾಗಿ ನಿಲ್ಲುವ ಗಿರಾಕಿಗಳಿಗೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ‘ಹನ್ನೊಂದಕ್ಕೆ’ ಎಂದು ಬರೆದು ಬಂದಿದ್ದ. ಮಂಚಿಕೇರಿ ದಾಟುವಾಗ ಇನ್ನೂ ಮಂಜಿತ್ತು. ಸುಜಯನ ಪಕ್ಕದಲ್ಲಿ ಕೂತು ಅನುಶ್ರೀ ಆಸ್ಪತ್ರೆಯ ಅರ್ಜಿಯನ್ನು ಗಟ್ಟಿಯಾಗಿ ಓದುತ್ತ ತುಂಬುತ್ತಿದ್ದಳು. ಹತ್ತಿರದ ಸಂಬಂಧಿಯ ಹೆಸರು ಎಂಬಲ್ಲಿ ಪೆನ್ನು ನಿಲ್ಲಿಸಿದಳು.

“ತಮ್ಮ ಬಸವಂತಪ್ಪ,” ಎಂದ ಪರಮೇಶ್ವರಪ್ಪ, ಅವಳು ಕೇಳುವ ಮೊದಲೇ. “ಹೆಸರು ಬರಿ. ಸುದ್ದಿ ಮುಟ್ಟಿಸಬ್ಯಾಡ.”

ಅವಳು ಬರೆದಳು. ಫೋನ್ ನಂಬರಿನ ಜಾಗ ಖಾಲಿ ಬಿಟ್ಟು ಕೆಳಗೆ ತನ್ನದೇ ನಂಬರ್ ಹಾಕಿದಳು.

ಯಲ್ಲಾಪುರದಲ್ಲಿ ವ್ಯಾನು ಚಹದಂಗಡಿಯೊಂದರ ಎದುರು ನಿಂತಿತು. ಹತ್ತಬೇಕಾದ ಇಬ್ಬರಲ್ಲಿ ಒಬ್ಬರು ಬಂದಿರಲಿಲ್ಲ. ಅಂಗಡಿಯವನು ಬೆಂಚು ಕೊಟ್ಟ. ಪರಮೇಶ್ವರಪ್ಪನನ್ನು ಮೂಡಲಿಗೆ ಮುಖ ಮಾಡಿ ಕೂರಿಸಿದರು. ಅವನು ಕಣ್ಣು ಮುಚ್ಚಿ, ಕೆನ್ನೆಯನ್ನು ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಹೊರಳಿಸಿ ಬಿಸಿಲನ್ನು ಪರೀಕ್ಷಿಸಿದ.

“ಹೂಂ. ಬಂದಾನ. ಹಚ್ಚು.”

ಮಡಿವಾಳಪ್ಪ ನೊರೆ ಹಚ್ಚಿದ. ಚಹ ಕುಡಿಯುತ್ತಿದ್ದವರು ಲೋಟ ಹಿಡಿದೇ ಸುತ್ತ ನಿಂತರು. “ಎಂತ ಮಾರಾಯ, ಇಲ್ಲೇ ಮದುವೆನಾ?” ಎಂದ ಒಬ್ಬ. “ಹೌದ್ರಿ, ಹೆಣ್ಣು ಹುಬ್ಬಳ್ಳ್ಯಾಗ ಐತಿ,” ಎಂದ ಮುದುಕ, ನೊರೆಯೊಳಗಿನಿಂದಲೇ. ಕತ್ತಿ ಎಡಗೆನ್ನೆ ಮುಗಿಸಿ ಗಂಟಲಿಗೆ ಇಳಿದಾಗ ಸುಜಯ ಬಗ್ಗಿ ಕೇಳಿದ, “ಅಜ್ಜ, ಮನೆ ಬಿಟ್ಟಿದ್ದು ಎಂತಕ್ಕೆ?”

“ಮಾತಾಡಿಸಬ್ಯಾಡ, ಗಾಯ ಆಕೈತಿ,” ಎಂದ ಮಡಿವಾಳಪ್ಪ.

ಒಂಬತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಪಟಿಕದ ಕಲ್ಲು ಉಜ್ಜಿ, ಟವೆಲಿನಿಂದ ಒರೆಸಿ, ಮುದುಕನನ್ನು ವ್ಯಾನು ಹತ್ತಿಸಿದರು. ತಡವಾಗಿದ್ದ ಹೆಂಗಸೂ ಅಷ್ಟರಲ್ಲಿ ಬಂದಳು. ವ್ಯಾನು ಹುಬ್ಬಳ್ಳಿಯತ್ತ ಹೋಯಿತು. ಮಡಿವಾಳಪ್ಪ ಪೆಟ್ಟಿಗೆ ಹಿಡಿದು ಶಿರಸಿ ಬಸ್ಸಿಗೆ ಕಾದ. ಅಂಗಡಿ ತೆರೆದಾಗ ಹನ್ನೊಂದು ಕಳೆದು ಇಪ್ಪತ್ತು ನಿಮಿಷವಾಗಿತ್ತು. ಇಬ್ಬರು ಗಿರಾಕಿಗಳು ಬೇಸತ್ತು ಹೋಗಿದ್ದರು.

ಫೆಬ್ರುವರಿಯ ಗುರುವಾರ ಪರಮೇಶ್ವರಪ್ಪ ಕಪ್ಪು ಕನ್ನಡಕ ಹಾಕಿಕೊಂಡು, ಯಾರ ಕೈಯನ್ನೂ ಹಿಡಿಯದೆ ಕಟ್ಟೆಗೆ ಬಂದ. ಕನ್ನಡಕ ತೆಗೆದು ಎಡಗಣ್ಣಿನಿಂದ ಮಡಿವಾಳಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ಮಡಿವಾಳಪ್ಪ ಅಂದರ ನೀನೇನು? ದನಿ ಕೇಳಿ ದಪ್ಪ ಇದ್ದೀ ಅಂದ್ಕೊಂಡಿದ್ದೆ.”

ಕ್ಷೌರವಾದ ಮೇಲೆ ಮಡಿವಾಳಪ್ಪ ಎಂದಿನಂತೆ ಕನ್ನಡಿ ಹಿಡಿದ. ನಾಲ್ಕು ವರ್ಷ ಅದು ರೂಢಿಗಷ್ಟೇ ಹಿಡಿದ ಕನ್ನಡಿ. ಈಗ ಮುದುಕ ಅದನ್ನು ಕೈಗೆ ತೆಗೆದುಕೊಂಡು, ಬೆಳಕಿಗೆ ತಿರುಗಿ, ಬಹಳ ಹೊತ್ತು ನೋಡಿದ.

“ಎಡಗಿವಿ ಮುಂದಿನ ಕಲ್ಲಿ ಉದ್ದ ಬಿಟ್ಟೀಯಲ್ಲೋ. ನಾಕು ವರ್ಷ ಹಿಂಗ ಮಾಡೀಯೇನು?”

ಅನುಶ್ರೀ ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡಳು. ಮಡಿವಾಳಪ್ಪ ಬ್ರಶ್ಶನ್ನು ಮತ್ತೆ ನೀರಿಗೆ ಅದ್ದಿದ.