ಬಾಲ್ಕನಿಗೆ ಬಂದ ಜೀಪಿನ ಬಾಗಿಲು

ಈಗ ದುಬೈಯಲ್ಲಿ ಜೀಪೆಂದರೆ ಮರಳುಗುಡ್ಡದ ಮೇಲೆ ಪ್ರವಾಸಿಗರನ್ನು ಕುಣಿಸುವ ಬಾಡಿಗೆ ಗಾಡಿ. ನಾವು ಅಲ್ ಕುಸೈಸಿನ ಹಳೇ ಫ್ಲ್ಯಾಟಿನಲ್ಲಿದ್ದಾಗ ಜೀಪೆಂದರೆ ಶುಕ್ರವಾರದ ರಜೆ. ಅಮ್ಮ ಗೋಳಿಬಜೆಯ ಡಬ್ಬಿ ಕಟ್ಟುತ್ತಿದ್ದಂತೆ ಪಪ್ಪ "ಯಲ್ಲಾ, ಹೊರಡುವ" ಎನ್ನುತ್ತಿದ್ದರು. ಸಮುದ್ರದಂಡೆಯ ಒದ್ದೆ ಮರಳಿನಲ್ಲಿ ಗಾಡಿ ಓಡಿಸಿ, ದಾರಿಯಲ್ಲಿ ಕರಕ್ ಚಹಾ ಕುಡಿದು, ಸೀಟಿನ ತುಂಬ ಮರಳು ಹೊತ್ತು ಮನೆಗೆ ಬರುತ್ತಿದ್ದೆವು. ಆ ಉಪ್ಪುನೀರೇ ಗಾಡಿಯನ್ನು ತಿಂದಿತು. ಹಿಂಬಾಗಿಲಿನ ಕೆಳಗಂಚು ತುಕ್ಕು ಹಿಡಿದು ನನ್ನ ಕಿರುಬೆರಳು ತೂರುವಷ್ಟು ತೂತಾಗಿತ್ತು.

ಆ ವರ್ಷ ಪಾಸಿಂಗ್‌ಗೆ, ಅಂದರೆ ಗಾಡಿಯ ವಾರ್ಷಿಕ ತಪಾಸಣೆಗೆ ಹೋದಾಗ ಬಾಗಿಲು ನೋಡಿಯೇ ವಾಪಸ್ ಕಳಿಸಿದರು. ಸರಿಯಾಗದಿದ್ದರೆ ಗಾಡಿ ಗುಜರಿಗೆ. ಸತ್ವಾ ಬಡಾವಣೆಯ ಗ್ಯಾರೇಜಿನವನು ತೂತಿಗೆ ಪುಟ್ಟಿಯ ಲೇಪ ಮೆತ್ತಿ ಬಣ್ಣ ಹೊಡೆದರೆ ಖಲಾಸ್ ಎಂದ. ಪಪ್ಪನಿಗೆ ರೇಗಿತು.

"ಪುಟ್ಟಿ ಅಂದ್ರೆ ಸುಳ್ಳು. ಮೇಲಿಂದ ಚಂದ ಕಾಣ್ತದೆ, ಒಳಗೆ ತುಕ್ಕು ತಿಂತಾನೇ ಇರ್ತದೆ. ನಾವೇ ಮಾಡುವ, ಆಗದಾ ನಿಶಾ?"

ಆಗದೆ ಏನು! ಗ್ಯಾರೇಜಿನಲ್ಲಿ ಕೊಳೆತ ಭಾಗ ಕತ್ತರಿಸಿ, ಹೊಸ ತಗಡು ಬೆಸುಗೆ ಹಾಕಿಸಿ, ಬಾಗಿಲನ್ನು ಲಿಫ್ಟಿನಲ್ಲಿ ತಂದು ಬಾಲ್ಕನಿಯಲ್ಲಿ ಮಲಗಿಸಿದರು. ಉಳಿದ ತುಕ್ಕು ತಿಕ್ಕಿ ತೆಗೆಯುವ ಕೆಲಸ ನನ್ನದು. ಕೆಳಗೆ ಪಾರ್ಕಿಂಗಿನಿಂದ ಮಕ್ಕಳು ಕ್ರಿಕೆಟ್ಟಿಗೆ ಕೂಗುತ್ತಿದ್ದರೂ ನಾನು ಸ್ಯಾಂಡ್‌ಪೇಪರ್ ಬಿಡಲಿಲ್ಲ. ಬಾಯೆಲ್ಲ ಕಬ್ಬಿಣದ ರುಚಿ, ಉಗುರ ಸಂದಿಯೆಲ್ಲ ಕೆಂಪು, ಮೈಯೆಲ್ಲ ಬೆವರು. ಕಡೆಗೆ ತಗಡು ಹಬ್ಬಕ್ಕೆ ಬೆಳಗಿದ ತಟ್ಟೆಯ ಹಾಗಾಯಿತು. ಪಪ್ಪ ಅಂಗೈ ಆಡಿಸಿ ನೋಡಿ "ಫಸ್ಟ್‌ಕ್ಲಾಸ್" ಎಂದರು. ಜಿಡ್ಡು ಉಳಿಯದಂತೆ ಥಿನ್ನರಿನಲ್ಲಿ ಒರೆಸಿಟ್ಟು, ಇನ್ನು ಬಣ್ಣ ಹೊಡೆಯುವ ತನಕ ಯಾರೂ ಮುಟ್ಟಬಾರದು ಎಂದು ಮನೆಯವರಿಗೆಲ್ಲ ಹೇಳಿದರು.

ಮುಟ್ಟಿದವರು ದೊಡ್ಡಪ್ಪ. ಉಡುಪಿಯಿಂದ ವಿಸಿಟ್ ವೀಸಾದಲ್ಲಿ ಬಂದಿದ್ದ ಅವರು ಮರುದಿನ, ಆಯುಧಪೂಜೆಯಂದು, ನಾನು ಶಾಲೆಯಲ್ಲಿದ್ದಾಗ, ಪಪ್ಪ ಗೋದಾಮಿನ ಕೆಲಸದಲ್ಲಿದ್ದಾಗ, ಬಾಗಿಲಿಗೆ ಕುಂಕುಮವಿಟ್ಟು ಹೂವೇರಿಸಿ ಪೂಜೆ ಮಾಡಿದ್ದರು. ಸಂಜೆ ಮಬ್ಬಿನಲ್ಲಿ ಪಪ್ಪ ಕುಂಕುಮ ಒರೆಸಿ, ಬಾಗಿಲನ್ನು ಗೋದಾಮಿನ ಹಿಂದೆ ಒಯ್ದು ಬಣ್ಣ ಸಿಂಪಡಿಸಿದರು.

ಪಾಸಿಂಗ್‌ನಲ್ಲಿ ತಪಾಸಣೆಯವನು ಉಗುರು ತಾಗಿಸಿದ್ದೇ ತಡ, ಬಣ್ಣ ಹಾಲಿನ ಕೆನೆಯ ಹಾಗೆ ಎದ್ದು ಬಂತು. ಗಾಡಿ ಮತ್ತೆ ಫೇಲ್.

"ಮಗು ಸಮ ತಿಕ್ಕಿರ್ಲಿಕ್ಕಿಲ್ಲ," ದೊಡ್ಡಪ್ಪ ಸೋಫಾದಲ್ಲಿ ಕಾಲುಚಾಚಿ ತೀರ್ಪು ಕೊಟ್ಟರು. "ಹೆಣ್ಣುಮಕ್ಕಳ ಕೈಗೆ ಇಂಥ ಕೆಲಸ ಕೊಟ್ರೆ ಹೀಗೇ ಆಗುದು."

ನನ್ನ ಮೈ ಉರಿದುಹೋಯಿತು. ಎದ್ದ ಬಣ್ಣದ ಚೂರು ನನ್ನ ಕೈಯಲ್ಲಿತ್ತು. ಅದರ ಒಳಬದಿ ಜಿಡ್ಡುಜಿಡ್ಡು. ಮೂಸಿದರೆ ಕೊಬ್ಬರಿ ಎಣ್ಣೆ! ಊರಲ್ಲಿ ಆಯುಧಪೂಜೆಗೆ ಕತ್ತಿ, ಹಾರೆಗಳನ್ನು ತೊಳೆದು ತುಕ್ಕು ಹಿಡಿಯದಂತೆ ಎಣ್ಣೆ ಸವರಿಡುತ್ತಾರಲ್ಲ, ದೊಡ್ಡಪ್ಪ ಜೀಪಿನ ಬಾಗಿಲಿಗೂ ಅದನ್ನೇ ಮಾಡಿದ್ದರು. ಎಣ್ಣೆಯ ಮೇಲೆ ಯಾವ ಬಣ್ಣ ನಿಲ್ಲುತ್ತದೆ?

"ಇಟ್ಸ್ ನಾಟ್ ಮೀ! ದೊಡ್ಡಪ್ಪ ಎಣ್ಣೆ ಹಚ್ಚಿದ್ದಾರೆ. ಮೂಸಿ ನೋಡಿ ಪಪ್ಪಾ!"

ಪಪ್ಪ ಮೂಸಿದರು. ದೊಡ್ಡಪ್ಪ ಕಿಟಕಿಯ ಆಚೆ ನೋಡುತ್ತಿದ್ದರು. ಪಪ್ಪ ಚೂರನ್ನು ಜೇಬಿಗೆ ಹಾಕಿಕೊಂಡರು.

"ಸಾಕು. ದೊಡ್ಡವರ ಮೇಲೆ ಗೂಬೆ ಕೂರಿಸ್ಬೇಡ."

ಇನ್ನೊಮ್ಮೆ ತಿಕ್ಕಿ ಕೊಡುತ್ತೇನೆ ಎಂದು ಅತ್ತು ಗೋಗರೆದೆ. "ಲಟಾರಿ ಗಾಡಿ, ಕೊಟ್ಟುಬಿಡು ಮಾರಾಯ," ಎಂದರು ದೊಡ್ಡಪ್ಪ. ಅಣ್ಣನ ಮಾತಿಗೆ ಪಪ್ಪ ಎದುರಾಡುವವರಲ್ಲ. ಜೀಪು ಗುಜರಿಗೆ ಹೋಯಿತು. ನಮ್ಮ ಬಳಗದಲ್ಲಿ ಇವತ್ತಿಗೂ ಏನಾದರೂ ಕೆಟ್ಟರೆ "ನಿಶಾ ತಿಕ್ಕಿದ ಬಾಗಿಲು" ಎಂದು ನಗುತ್ತಾರೆ. ನನಗೆ ಇವತ್ತಿಗೂ ನಗು ಬರುವುದಿಲ್ಲ.

ಕಳೆದ ಚಳಿಗಾಲದಲ್ಲಿ ಪಪ್ಪ ನನ್ನ ಮನೆಯಲ್ಲಿದ್ದರು. ನಾನು ಮಗಳ ತಲೆಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದೆ. ಪಪ್ಪ ಚಹಾದ ಲೋಟ ಹಿಡಿದು ಕೂತಿದ್ದವರು, "ಆ ಬಣ್ಣದ ಚೂರಿಗೂ ಇದೇ ವಾಸನೆ," ಎಂದರು.

ನನ್ನ ಕೈ ನಿಂತಿತು. "ಗೊತ್ತಿತ್ತಾ ನಿಮಗೆ?"

"ಮೂಸಿದ ಕೂಡ್ಲೆ ಗೊತ್ತಾಯ್ತು. ಎಂತ ಮಾಡುದು, ಅಣ್ಣನ ಮುಖ ಸಣ್ಣದು ಮಾಡ್ಲಿಕ್ಕೆ ಆಗ್ತದಾ? ನೀನು ಚಿಕ್ಕವಳು, ಮರೀತಿ ಅಂದ್ಕೊಂಡೆ."

"ಅಣ್ಣನ ತಪ್ಪು ಮುಚ್ಚಲಿಕ್ಕೆ ನನ್ನನ್ನೇ ಪುಟ್ಟಿ ಮಾಡಿ ಮೆತ್ತಿದ್ರಾ ಪಪ್ಪಾ?"

ಪಪ್ಪ ಲೋಟವನ್ನು ಮೇಜಿನ ಮೇಲಿಟ್ಟರು. ಚಹಾ ಹಾಗೇ ತಣ್ಣಗಾಯಿತು.

ದೊಡ್ಡಪ್ಪ ಈಗಿಲ್ಲ. ನಾವು ಗಾಡಿ ಓಡಿಸುತ್ತಿದ್ದ ದಂಡೆಯ ಉದ್ದಕ್ಕೂ ಹೋಟೆಲುಗಳು ಎದ್ದಿವೆ. ಜೀಪು ಯಾವ ಕುಲುಮೆಯಲ್ಲಿ ಕರಗಿತೋ. ಅವೆಲ್ಲ ಹೋದವೆಂದು ನನಗೆ ಬೇಸರವಿದೆ, ಸಿಟ್ಟಿಲ್ಲ. ಸಿಟ್ಟು ಇರುವುದು ಇನ್ನೊಂದಕ್ಕೆ. ಪುಟ್ಟಿ ಅಂದರೆ ಸುಳ್ಳು ಎಂದು ಗ್ಯಾರೇಜಿನವನ ಮುಖಕ್ಕೇ ಹೇಳಿದ ಪಪ್ಪನನ್ನು ಇಷ್ಟು ವರ್ಷ ನಾನು ಹೆಮ್ಮೆಯಿಂದ ನೆನೆದಿದ್ದೆ. ಆ ಪಪ್ಪ ಜೀಪಿಗಿಂತ ಮೊದಲೇ, ಬಣ್ಣದ ಚೂರನ್ನು ಜೇಬಿಗೆ ಹಾಕಿಕೊಂಡಾಗಲೇ ಹೋಗಿಬಿಟ್ಟಿದ್ದರು.